ಬಾಯಿ ಮುಚ್ಚಿ ಬರೆದ ಬೋಲಿ

ನಾಲ್ಕು ಜನ ಶಾಣ್ಯಾರು ಒಂದು ಮೇಜಿಗೆ ಕುಳಿತರೆ ವಾರಕ್ಕೊಂದು ಎಡವಟ್ಟು ತಪ್ಪದು. ಎಪ್ಪತ್ತರ ದಶಕದಲ್ಲಿ ಇಂಡಿ ಊರಿನ ನಮ್ಮ ಕ್ಲಬ್ಬಿನ ಬ್ರಿಜ್ ಮೇಜಿಗೆ ಕೂಡುತ್ತಿದ್ದವರು ಡಾಕ್ಟರು, ವಕೀಲರು, ತಹಸೀಲ ಕಚೇರಿಯ ಶಿರಸ್ತೇದಾರರು ಮತ್ತು ಸಾಲಿ ಮಾಸ್ತರನಾದ ನಾನು.

೧. ಕೆಮ್ಮು

ಬ್ರಿಜ್‌ನಲ್ಲಿ ಆಟಕ್ಕೆ ಮೊದಲು, ಯಾವ ರಂಗಿನಲ್ಲಿ ಎಷ್ಟು ಕೈ ಗೆಲ್ಲುತ್ತೇವೆಂದು ಸರದಿಯಂತೆ ಬೋಲಿ ಹೇಳಬೇಕು. ಆ ವರ್ಷ ನನ್ನ ಹೆಂಡತಿ ತೀರಿಕೊಂಡಿದ್ದಳು. ಪಾಠ ಹೇಳುವುದು ಬಿಟ್ಟರೆ ನನ್ನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಬೋಲಿಯೂ ಹೊರಡದಾದಾಗ ಕ್ಲಬ್ಬು ಬಿಡುವುದೆಂದು ನಿಶ್ಚಯಿಸಿದೆ. ಸಂಜೆ ಹೋಗಲು ಬೇರೆ ಜಾಗವಂತೂ ಇರಲಿಲ್ಲ.

ಅದೇ ವಾರ ಡಾಕ್ಟರು ಹೊಸ ನಿಯಮ ತಂದರು. “ಪುಣೆದಾಗ ಈಗ ಬೋಲಿ ಕಾಗದದ ಮ್ಯಾಲ ಬರದು ಆಡತಾರ್ರಿ. ನಮ್ಮ ವಕೀಲರು ಛಲೋ ಎಲಿ ಬಂದ್ರ ಕೆಮ್ಮತಾರ. ಇನ್ನ ಕೆಮ್ಮೂ ಇಲ್ಲ, ಮಾತೂ ಇಲ್ಲ. ಬಾಯಿ ತೆರದವರು ಎಲ್ಲಾರಿಗೂ ಮಿರ್ಚಿ ಭಜಿ ತಿನ್ನಿಸಬೇಕು.”

“ನನಗ ಖರೇನ ದಮ್ಮೈತ್ರಿ, ಉಬ್ಬಸ!” ಎಂದರು ವಕೀಲರು.

“ಕೆಟ್ಟ ಎಲಿ ಬಂದಾಗ ಆ ದಮ್ಮು ಎಲ್ಲಿ ಹೋಗತೈತ್ರಿ?”

೨. ಹೊಣೆಗಳು

ಕಾಗದ ತರುವ ಹೊಣೆ ನನ್ನದು. ಅದು ಹಾರದಂತೆ ಮೇಲೆ ನಿಂಬೆಹಣ್ಣು ಇಡುವುದು ವಕೀಲರದು. ಆಟ ಮುಗಿಯುವವರೆಗೆ ಹಾಳೆ ಕಾಯುವುದು ಶಿರಸ್ತೇದಾರರದು. ಅವರು ಆಟ ಮುಗಿದ ಮೇಲೂ ಅದನ್ನು ಫೈಲು ಮಾಡಿ ಇಡುತ್ತಿದ್ದರು.

ಮೊದಲ ದಿನ ವಕೀಲರು ಬರೆದರು: ‘ಎರಡು ಇಸ್ಪೀಟು, ಮುಂದೆ ಹೆಚ್ಚಿಸುವ ಹಕ್ಕನ್ನು ಕಾಯ್ದಿರಿಸಿ.’ ಅವರ ಜೋಡಿಯಾದ ಶಿರಸ್ತೇದಾರರು ತಮ್ಮ ಸರದಿಯಲ್ಲಿ ‘ನೋಡಿದೆ’ ಎಂದು ಬರೆದು ರುಜು ಹಾಕಿದರು.

“ಇದು ಬೋಲಿ ಏನ್ರಿ, ಅರ್ಜಿ ಏನ್ರಿ?” ಎಂದು ಡಾಕ್ಟರು ಕೂಗಿಯೇಬಿಟ್ಟರು.

ಮೊದಲ ಮಿರ್ಚಿ ನಿಯಮ ಮಾಡಿದವರದೇ ಆಯಿತು.

೩. ಕೆಂಪು ಶಾಯಿ

ನನ್ನ ತಪ್ಪನ್ನೂ ಹೇಳಬೇಕು. ಡಾಕ್ಟರು ನನ್ನ ಜೋಡಿ. ಒಮ್ಮೆ ಅವರು ‘ನಾಲ್ಕು ಇಸ್ಪೀಟು’ ಎಂದು ಬರೆದರು. ನನ್ನ ಕೈಯಲ್ಲಿ ಕೆಂಪು ಪೆನ್ನಿತ್ತು. ರೂಢಿಯಂತೆ ಪಕ್ಕದಲ್ಲಿ ಸರಿ ಗುರುತು ಹಾಕಿಬಿಟ್ಟೆ.

ವಕೀಲರು ಕುರ್ಚಿಯಿಂದೆದ್ದರು. “ನನ್ನ ಕೆಮ್ಮಿಗೆ ಇಷ್ಟೆಲ್ಲಾ ಕಾಯ್ದೆ, ಮಾಸ್ತರು ಮಾರ್ಕ್ಸ್ ಕೊಟ್ರ ನಡೀತೈತೇನ್ರಿ?”

ಆಟ ರದ್ದಾಯಿತು. ಮಾತಾಡಿದ್ದಕ್ಕೆ ಮಿರ್ಚಿ ಮಾತ್ರ ವಕೀಲರದು. ಏಳು ತಿಂಗಳಲ್ಲಿ ಒಮ್ಮೆಯೂ ಮಿರ್ಚಿ ಕೊಡಿಸದವನು ನಾನೊಬ್ಬನೇ.

೪. ಠರಾವು

ಒಂದು ಸಂಜೆ ಸಿಂದಗಿಯ ಅತಿಥಿಯೊಬ್ಬರು ನಮ್ಮ ಆಟ ನೋಡಲು ಕುಳಿತರು. “ನಾ ಪುಣೆದಾಗ ಹತ್ತು ವರ್ಷ ಆಡೇನ್ರಿ. ಅಲ್ಲಿ ಬಾಯಿಲೇನ ಹೇಳತಾರ. ಈ ಕಾಗದಾ ಎಲ್ಲಿಂದ ಬಂತ್ರಿ?”

ಡಾಕ್ಟರು ನಿಂಬೆಹಣ್ಣನ್ನೇ ನೋಡುತ್ತ ಕುಳಿತರು. ಶಿರಸ್ತೇದಾರರು ಉತ್ಸಾಹದಿಂದ ಫೈಲು ಬಿಚ್ಚಿ ಎಲ್ಲಕ್ಕಿಂತ ಕೆಳಗಿನ ಹಾಳೆ ತೆಗೆದರು. ಯಾವ ಹಾಳೆಯೂ ಸದಸ್ಯರೆಲ್ಲರ ಕೈ ದಾಟಿಯೇ ಹೊರಗಿನವರಿಗೆ ಹೋಗಬೇಕೆಂಬುದು ಅವರ ಕಟ್ಟುನಿಟ್ಟು. ಮೊದಲು ಕೊಟ್ಟದ್ದು ಪಕ್ಕದಲ್ಲಿದ್ದ ನನಗೆ.

‘ಮಾಸ್ತರರಿಗೆ ಸದ್ಯ ಮಾತು ಬರುತ್ತಿಲ್ಲವಾದ್ದರಿಂದ, ಬರುವವರೆಗೆ ಎಲ್ಲರೂ ಬೋಲಿ ಬರೆಯತಕ್ಕದ್ದು. ವಕೀಲರ ಕೆಮ್ಮಿನ ನೆಪ ಹೇಳತಕ್ಕದ್ದು. ಈ ಠರಾವನ್ನು ಮಾಸ್ತರರಿಗೆ ತೋರಿಸತಕ್ಕದ್ದಲ್ಲ.’ ಕೆಳಗೆ ಮೂವರ ರುಜು.

“ಅವರಿಗ್ಯಾಕ ಕೊಟ್ರೋ ಮಾರಾಯ್ರ!” ಡಾಕ್ಟರು ಹಣೆ ಬಡಿದುಕೊಂಡರು.

“ಮಾಸ್ತರೂ ಸದಸ್ಯರ ಹೌದಲ್ರಿ?” ಎಂದರು ಶಿರಸ್ತೇದಾರರು.

ನಾನು ಎರಡು ಸಲ ಓದಿದೆ. ಕೆಂಪು ಪೆನ್ನಿನಿಂದ ಸರಿ ಗುರುತು ಹಾಕಿದೆ. ಬೋಲಿಯ ಸರದಿ ನನ್ನದೇ ಇತ್ತು. “ಮೂರು ಇಸ್ಪೀಟು,” ಎಂದೆ.

ವಕೀಲರು, “ಮಾಸ್ತರು ಬಾಯಿ ತೆರದ್ರು! ಸಿಂದಗಿಯವರಿಗೂ ಸೇರಿಸಿ ಮಿರ್ಚಿ ಹೇಳ್ರಿ!” ಎಂದು ಕೂಗಿದವರು, ಏಳು ತಿಂಗಳು ತಡೆದಿಟ್ಟ ಕೆಮ್ಮನ್ನೆಲ್ಲ ಒಮ್ಮೆಲೇ ಕೆಮ್ಮಿದರು. ಆ ರಭಸಕ್ಕೆ ಅವರ ಹದಿಮೂರು ಎಲೆಗಳೂ ಮೇಜಿನ ಮೇಲೆ ಅಂಗಾತ ಬಿದ್ದವು.

ಒಂದೂ ಛಲೋ ಎಲಿ ಇರಲಿಲ್ಲ. ಪಾಪ, ಅವರಿಗೆ ಖರೇನ ದಮ್ಮಿತ್ತು.