ಕಾಂಕ್ರೀಟಿಗೊಂದು ಕೊಸರು

ನಮ್ಮ ಸೋದರಮಾವನ ಕೈಗೆ ಯಾವ ಕಾರಣಕ್ಕೂ ಅಳತೆಯ ಪಾತ್ರೆ ಕೊಡಬಾರದು. ಮಚ್ಚು ಕೊಡಿ, ಬೆಂಕಿಪೊಟ್ಟಣ ಕೊಡಿ, ಬೇಕಾದರೆ ಟ್ರ್ಯಾಕ್ಟರಿನ ಕೀಲಿಯನ್ನೇ ಕೊಡಿ. ಲೋಟ, ಚಮಚ ಮಾತ್ರ ಬೇಡ! ಅಳೆದದ್ದರ ಮೇಲೆ ಒಂದಿಷ್ಟು ಕೊಸರು ಹಾಕದಿದ್ದರೆ ಅವರ ಲೆಕ್ಕದಲ್ಲಿ ಅಳತೆ ಮುಗಿದ ಹಾಗೆಯೇ ಅಲ್ಲ.

ಕೆಂಚಾರ್ಲಹಳ್ಳಿಯಲ್ಲಿ ಅವರು ಮನೆಮನೆಗೆ ಹಾಲು ಹಾಕುತ್ತಿದ್ದರು. ಲೀಟರ್ ಅಳೆದ ಮೇಲೆ ಒಂದು ಗುಟುಕು ಜಾಸ್ತಿ. ಕೊಳ್ಳುವಾಗಲೂ ಹಾಗೆಯೇ: ಚಿಂತಾಮಣಿ ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ಕೊತ್ತಂಬರಿ ಕೊಂಡರೆ ಚೀಲದಲ್ಲಿ ಎರಡು ಕಟ್ಟಿರುತ್ತಿತ್ತು. ಒಮ್ಮೆ ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ನಮ್ಮ ಸ್ಟಾಪು ಬಂದಾಗ ಕಂಡಕ್ಟರನಿಗೆ, "ಇಷ್ಟು ದೂರ ಬಂದಿದೀವಿ, ಇನ್ನೊಂದು ಸ್ಟಾಪು ಕೊಸರು ಬಿಡಪ್ಪ," ಅಂದರು. ಆ ಸ್ಟಾಪಿನಲ್ಲಿ ನಮಗೇನು ಕೆಲಸವಿತ್ತು? ಏನೂ ಇಲ್ಲ! ಬಿಸಿಲಲ್ಲಿ ನಡೆದು ವಾಪಸ್ಸು ಬಂದೆವು. ನನಗೆ ಎಂಟನೇ ಕ್ಲಾಸಿನಲ್ಲಿ ಕೆಮ್ಮು ಬಂದಾಗ ಡಾಕ್ಟರು ಒಂದು ಚಮಚ ಔಷಧಿ ಎಂದಿದ್ದರು. ಕುಡಿಸಿದವರು ಮಾವ. ಅವತ್ತಿನ ಗಣಿತ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆ ಓದಿದ್ದು ನೆನಪಿದೆ, ಎರಡನೆಯದು ನೆನಪಿಲ್ಲ.

ಹೋದ ಬೇಸಿಗೆಯಲ್ಲಿ ಚಿಂತಾಮಣಿಯ ನಮ್ಮ ಮನೆಯ ಹಿತ್ತಲಿನಲ್ಲಿ ಅಮ್ಮನಿಗೆಂದು ಒಂದು ಕೋಣೆ ಕಟ್ಟಿಸಿದೆವು. ಮಂಡಿನೋವಿನಿಂದ ಅಮ್ಮನಿಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಅಮ್ಮ ಎಂದರೆ ಮಾವನಿಗೆ ಒಬ್ಬಳೇ ಅಕ್ಕ. ಸೂರಿಗೆ ಕಾಂಕ್ರೀಟ್ ಹಾಕುವ ದಿನ ಬೆಳಿಗ್ಗೆ ಆರಕ್ಕೇ ಮಾವ ಹಾಜರು. ಕಂಬಿ ಕಟ್ಟುವವರಿಗೆ ಕಂಬಿ ಕಟ್ಟುವುದನ್ನೂ, ಜಲ್ಲಿ ಹೊರುವವರಿಗೆ ಜಲ್ಲಿ ಹೊರುವುದನ್ನೂ ಹೇಳಿಕೊಡತೊಡಗಿದರು.

ನಮ್ಮ ಮೇಸ್ತ್ರಿ ಸಾಬರು ವಯಸ್ಸಾದವರು, ತಾಳ್ಮೆಯವರು. ಅವರ ಹತ್ತಿರ ಒಂದು ಕ್ಯಾನಿನಲ್ಲಿ ಕಂದು ಬಣ್ಣದ ದ್ರವವಿತ್ತು.

"ಇದೇನು?" ಎಂದರು ಮಾವ.

"ಕಾಂಕ್ರೀಟಿಗೆ ಔಷಧಿ ಅಣ್ಣಾ. ಬಿಸಿಲು ಬೆಂಕಿ ಇದೆ, ಮಾಲು ಮೇಲೆ ಹೋಗೋದ್ರೊಳಗೆ ಬಿಗ್ದುಬಿಡ್ತದೆ. ಇದು ಹಾಕಿದ್ರೆ ನಿಧಾನಕ್ಕೆ ಬಿಗೀತದೆ. ನೀರೂ ಕಮ್ಮಿ ಸಾಕು. ನೀರು ಕಮ್ಮಿ ಆದ್ರೆ ಸೂರಿಗೆ ಆಯುಸ್ಸು ಜಾಸ್ತಿ."

"ನೋಡ್ದೇನಮ್ಮ! ಹಾಲಿಗೂ ಅದೇ ಶಾಸ್ತ್ರ," ಎಂದು ಮಾವ ನನ್ನ ಕಡೆ ತಿರುಗಿದರು.

ಅವರನ್ನು ಒಂದು ಕಡೆ ಕೂರಿಸಿದರೆ ಸಾಕೆಂದು ಮೇಸ್ತ್ರಿ ಮಾಡಿದ ಉಪಾಯವೇ ತಪ್ಪಾಯಿತು. ಮಿಕ್ಸರಿನ ಪಕ್ಕ ಕುರ್ಚಿ ಹಾಕಿ, ಕೈಗೆ ಒಂದು ಸಣ್ಣ ಲೋಟ ಕೊಟ್ಟು, "ಮೂಟೆಗೆ ಒಂದು ಲೋಟ ಅಣ್ಣಾ. ಒಂದೇ!" ಎಂದರು.

ನಾನು ಹತ್ತು ಅಡಿ ದೂರದಲ್ಲಿ ಮಜ್ಜಿಗೆ ಹಂಚುತ್ತಿದ್ದೆ. ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಮಾವ ಒಂದು ಲೋಟ ಸುರಿದರು. ಮೇಸ್ತ್ರಿ ಏಣಿಯ ಕಡೆ ತಿರುಗಿದರು. ಮಾವ ಇನ್ನೊಂದು ಲೋಟ ಸುರಿದರು. ಮುಂದಿನ ಮೂಟೆಗೂ ಹಾಗೆಯೇ, ಅದರ ಮುಂದಿನದಕ್ಕೂ ಹಾಗೆಯೇ. ನಾನು ಕೂಗಬೇಕಿತ್ತು. ಕೂಗಲಿಲ್ಲ. ಔಷಧಿ ತಾನೇ, ಹೆಚ್ಚಾದರೆ ಒಳ್ಳೆಯದೇ ಇರಬಹುದು ಎಂದುಕೊಂಡೆ. ಕೆಮ್ಮಿನ ಔಷಧಿ ಕುಡಿದವಳು ಹಾಗೆ ಹೇಗೆ ಅಂದುಕೊಂಡೆನೋ!

ಮರುದಿನ ಬೆಳಿಗ್ಗೆ ತಾರಸಿ ಹತ್ತಿದರೆ ಕಾಂಕ್ರೀಟಿನ ತುಂಬಾ ಕಾಗೆಯ ಹೆಜ್ಜೆಗಳು. ಬೆರಳಿಟ್ಟು ನೋಡಿದೆ, ಗಿಣ್ಣಿನವರೆಗೆ ಇಳಿಯಿತು. ಅದರ ಮರುದಿನವೂ ಇಳಿಯಿತು. ಬೀದಿಯವರೆಲ್ಲ ಸರದಿಯಲ್ಲಿ ಬಂದು ಬೆರಳಿಟ್ಟರು. ಒಬ್ಬರು ಸಿಮೆಂಟು ಹಳೆಯದೆಂದರು, ಒಬ್ಬರು ಮರಳಿನಲ್ಲಿ ಮಣ್ಣಿದೆ ಎಂದರು, ಪಕ್ಕದ ಮನೆಯಾಕೆ ದೃಷ್ಟಿ ತೆಗೆಯಿರಿ ಎಂದರು. ಎಲ್ಲ ಸರಿಯಾಗಿಯೇ ಕೇಳಿಸುತ್ತಿತ್ತು! ನನಗಂತೂ ನಾನು ಕಂಡದ್ದರ ಮೇಲೆಯೇ ಅನುಮಾನ ಬಂತು. ಮಾವ ಮಾತ್ರ ಬೆರಳಿಡಲು ಬರದೆ ಮೂಲೆಯಲ್ಲಿ ಕೂತಿದ್ದರು. ಇನ್ನೊಂದು ಲೋಟ ಕಾಫಿ ಕೊಟ್ಟರೆ ಬೇಡವೆಂದರು. ಆಗ ನನಗೆ ನಿಜವಾಗಿ ಭಯವಾಯಿತು.

ಮೂರನೆಯ ದಿನ ಮೇಸ್ತ್ರಿ ಗುದ್ದಲಿ ಹಿಡಿದು ಬಂದರು. "ಇಷ್ಟು ವರ್ಷದಲ್ಲಿ ಹಿಂಗಾಗಿಲ್ಲಮ್ಮಾ. ನನ್ ಕೈಯೇ ತಪ್ಪಿರ್ಬೇಕು. ಎಲ್ಲಾ ಕೆರೆದು ತೆಗೆದು ಬೇರೆ ಹಾಕ್ಕೊಡ್ತೀನಿ." ಹೇಳುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ.

ಮಾವ ಎದ್ದರು. "ಗುದ್ದಲಿ ಇಳಿಸಪ್ಪ ಮೇಸ್ತ್ರಿ. ನಿನ್ನ ತಪ್ಪಿಲ್ಲ. ನಾನು ಎರಡೆರಡು ಲೋಟ ಹಾಕಿದೀನಿ."

"ಯಾಕಣ್ಣಾ?"

"ಆಯುಸ್ಸು ಜಾಸ್ತಿ ಅಂದ್ಯಲ್ಲ."

ಮೇಸ್ತ್ರಿ ಅಲ್ಲೇ ಕುಸಿದು ಕೂತರು. ನಕ್ಕರೋ ಅತ್ತರೋ ತಿಳಿಯಲಿಲ್ಲ. "ಯಾ ಅಲ್ಲಾ! ಈಗ್ಲೇ ಬಿಗೀಬೇಡ ಅಂತ ನಾನು ಒಂದು ಸಲ ಹೇಳಿದ್ರೆ ನೀವು ಎರಡು ಸಲ ಹೇಳಿದೀರಲ್ಲಣ್ಣಾ! ಪಾಪ, ಅದು ಮಾತು ಕೇಳಿದೆ!"

ಚಿಕ್ಕಬಳ್ಳಾಪುರದಿಂದ ಒಬ್ಬ ಇಂಜಿನಿಯರನ್ನು ಕರೆಸಿದೆವು. ಅವರು ಕ್ಯಾನಿನ ಮೇಲಿನ ಚೀಟಿಯನ್ನು ಪೂರ್ತಿ ಓದಿ, "ಕೆರೆಯಬೇಡಿ, ಕಾಯಿರಿ. ಒಣಗೋಕೂ ಬಿಡಬೇಡಿ. ಗಟ್ಟಿಯಾದರೂ ಆಗಬಹುದು, ಆಗದೆಯೂ ಇರಬಹುದು," ಎಂದರು. ಇದಕ್ಕೆ ಇಂಜಿನಿಯರೇ ಬೇಕಿತ್ತೇ? ಆದರೆ ಐದನೆಯ ದಿನ ಬೆರಳು ಇಳಿಯಲಿಲ್ಲ. ಒಂದು ತಿಂಗಳು ಮಾವ ನಮ್ಮ ಮನೆಯಲ್ಲೇ ಉಳಿದು, ತಾರಸಿಯ ಮೇಲೆ ಹಾಸಿದ ಗೋಣಿಚೀಲಗಳಿಗೆ ನೀರು ಹಾಕಿದರು. ಇಂಜಿನಿಯರು ಮತ್ತೆ ಬಂದು, ಸುತ್ತಿಗೆಯಂಥ ಯಂತ್ರದಿಂದ ಹತ್ತಾರು ಕಡೆ ಬಡಿದು ನೋಡಿ, ಸೂರಿಗೆ ಆಸರೆಯಾಗಿ ಕೆಳಗೆ ಕೊಟ್ಟಿದ್ದ ಮರದ ಕಂಬಗಳನ್ನು ತೆಗೆಯಬಹುದು ಎಂದರು.

ಕಂಬ ತೆಗೆಯುವ ದಿನ ಮಾವ ಸೀದಾ ಒಳಗೆ ಹೋಗಿ ಕೋಣೆಯ ನಡುವೆ ನಿಂತರು.

"ಅಣ್ಣಾ, ಆಚೆ ಬನ್ನಿ!"

"ಅಕ್ಕ ಮಲಗೋ ಜಾಗ ಇದು. ಮೊದ್ಲು ನಾನು ನಿಲ್ತೀನಿ. ನೀವು ತೆಗೀರಿ."

ಎಷ್ಟು ಬೈದರೂ ಅಲ್ಲಾಡಲಿಲ್ಲ. ಗೋಡೆಯ ಬದಿಯ ಕಂಬಗಳು ಒಂದೊಂದಾಗಿ ಬಂದವು. ಕೊನೆಯದೊಂದು ಉಳಿದಾಗ, ಅಮ್ಮ ಗೋಡೆ ಹಿಡಿದುಕೊಂಡು ನಿಧಾನವಾಗಿ ಒಳಗೆ ನಡೆದರು. ಮಾವನ ಪಕ್ಕ ನಿಂತು ಅವರ ಮಣಿಕಟ್ಟು ಹಿಡಿದುಕೊಂಡರು.

"ನೀನ್ಯಾಕಕ್ಕಾ ಬಂದೆ?"

"ಏಮಿರಾ," ಎಂದು ತೆಲುಗಿನಲ್ಲಿ ಗದರಿದರು ಅಮ್ಮ, "ನಿನ್ನೊಬ್ಬನ್ನೇ ಬಿಟ್ಟು ಆಚೆ ನಿಂತ್ಕೊಳ್ಳಾ?"

ಮೇಸ್ತ್ರಿ ಏನೋ ಗೊಣಗಿಕೊಂಡು ಕೊನೆಯ ಕಂಬವನ್ನು ತಾವೇ ತೆಗೆದರು. ಒಂದಿಷ್ಟು ಧೂಳು ಉದುರಿತು. ಮತ್ತೇನೂ ಆಗಲಿಲ್ಲ. ಮಾವ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ನಿಂತಿದ್ದರು. ಅಮ್ಮ ತಲೆಯೆತ್ತಿ ಸೂರನ್ನೊಮ್ಮೆ ನೋಡಿ, ಅವರ ತಲೆಯ ಮೇಲಿನ ಧೂಳು ಒರೆಸಿದರು.

"ಕಣ್ ಬಿಡಪ್ಪಾ. ನಿಂತಿದೆ."