ಬಾಣಂತನಕ್ಕೊಂದು ಬ್ಯಾಕಪ್ ಕಾಯಿಲ್

ಸೌದಿಯಲ್ಲೂ ಚಳಿಯಾಗುತ್ತದೆ ಎಂದರೆ ನಮ್ಮ ಉಡುಪಿ ಕಡೆಯವರು ನಂಬುವುದಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ. ರಜೆಗೆ ಹೋದಾಗಲೆಲ್ಲ ಸೆಖೆಯ ಕತೆ ಹೇಳಿ ಹೇಳಿ ಅವರ ತಲೆ ಕೆಡಿಸಿದವರು ನಾವೇ. ನನ್ನ ಹೆಂಡತಿ ಶೈಲಜಳ ಬಾಣಂತನಕ್ಕೆಂದು ಸೌದಿಯ ಉತ್ತರದ ಊರಾದ ತಬೂಕಿಗೆ ಬಂದ ಅತ್ತೆಯ ಪೆಟ್ಟಿಗೆಯಲ್ಲಿ ತೆಂಗಿನೆಣ್ಣೆಯಿಂದ ಹಿಡಿದು ಒಣಶುಂಠಿಯವರೆಗೆ ಎಲ್ಲವೂ ಇತ್ತು, ಒಂದು ಸ್ವೆಟರ್ ಮಾತ್ರ ಇರಲಿಲ್ಲ. ತಬೂಕಿನ ಚಳಿಗಾಲದಲ್ಲಿ ಬೆಳಿಗ್ಗೆ ನಲ್ಲಿ ತಿರುಗಿಸುವ ಮೊದಲು ದೇವರನ್ನು ನೆನೆಯಬೇಕಾಗುತ್ತದೆ ಎಂಬುದು ಅವರಿಗೆ ಬಂದ ಮೇಲೆ ಗೊತ್ತಾಯಿತು.

ನಾನು ಆಫೀಸಿನಲ್ಲಿ ಪರ್ಚೇಸ್ ವಿಭಾಗದವನು. ಯಾವ ಯಂತ್ರವನ್ನೂ ಬಿಚ್ಚಿ ನೋಡಿದವನಲ್ಲ, ಆದರೆ ಎಲ್ಲದರ ಕ್ಯಾಟಲಾಗ್ ಓದಿದವನು. ಗಲ್ಫಿನಲ್ಲಿ ಕೆಲವು ವರ್ಷ ಕಳೆದ ಮೇಲೆ ನಮ್ಮಲ್ಲಿ ಪ್ರತಿಯೊಬ್ಬನೂ ಅರ್ಧ ಇಂಜಿನಿಯರ್, ಮುಕ್ಕಾಲು ವಕೀಲ. ಅತ್ತೆಯನ್ನು ಸೋಫಾದಲ್ಲಿ ಕೂರಿಸಿ ಪಾಠ ಶುರುಮಾಡಿದೆ: "ಇದು ಬರೀ ಏಸಿ ಅಲ್ಲ ಅತ್ತೆ, ಹೀಟ್ ಪಂಪ್. ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎಳೆದು ಒಳಗೆ ತರ್ತದೆ." ಅತ್ತೆ ಶಾಲು ಬಿಗಿಮಾಡಿಕೊಂಡು, "ಹೊರಗೆ ಕೈಕಾಲು ಸೆಟೆದು ಹೋಗ್ತದೆ. ಅಲ್ಲಿಂದ ಎಂತ ಶಾಖ ತರುದು?" ಎಂದರು. ತಣ್ಣನೆಯ ಗಾಳಿಯಲ್ಲೂ ಒಂದಿಷ್ಟು ಶಾಖ ಇರುತ್ತದೆ, ಅದು ಸಾಲದಿದ್ದರೆ ಬ್ಯಾಕಪ್ ಇದೆ ಎಂದೆ. ಒಳಗೆ ಕರೆಂಟಿನಿಂದ ಬಿಸಿಯಾಗುವ ಕಾಯಿಲ್. ಹೊರಗಿನ ಯಂತ್ರಕ್ಕೆ ಮಂಜು ಕಟ್ಟಿದರೆ ಅದು ಕರಗುವಷ್ಟು ಹೊತ್ತು ಮನೆಯನ್ನು ಬೆಚ್ಚಗಿಡುವುದು ಈ ಕಾಯಿಲೇ. "ಹಾಗಾದ್ರೆ ಕಾಯಿಲೇ ಸಾಕಿತ್ತಲ್ಲ?" ಎಂದರು. "ಅದು ಕರೆಂಟು ಸಿಕ್ಕಾಪಟ್ಟೆ ತಿಂತದೆ ಅತ್ತೆ, ಅದಕ್ಕೇ ಕೊನೆಗೆ ಬರುದು," ಎಂದು ನಾನು ವಿಜಯದ ನಗೆ ನಕ್ಕೆ.

ಆ ವಾರ ಚಳಿ ಜೋರಾಯಿತು. ಪಂಪೂ ಬರಲಿಲ್ಲ, ಬ್ಯಾಕಪ್ಪೂ ಬರಲಿಲ್ಲ. ಮಗುವನ್ನು ಮೀಯಿಸಿ ಬಂದ ಅತ್ತೆಯ ಹಲ್ಲು ಕಟಕಟ ಎನ್ನುತ್ತಿತ್ತು. "ಬಾಣಂತಿಗೆ ಶೀತ ಹಿಡಿದ್ರೆ ಜನ್ಮಕ್ಕೆ ಬಿಡುದಿಲ್ಲ. ಮಗುವಿನ ಪಾಸ್‌ಪೋರ್ಟ್ ಆದ ಕೂಡ್ಲೆ ಇಬ್ಬರನ್ನೂ ಊರಿಗೆ ಕರ್ಕೊಂಡು ಹೋಗ್ತೇನೆ," ಎಂದುಬಿಟ್ಟರು. ಮಗಳು ನನ್ನ ಬೆರಳು ಹಿಡಿದುಕೊಳ್ಳಲು ಆಗಷ್ಟೇ ಕಲಿತಿದ್ದಳು. ಅವಳನ್ನು ಇನ್ನು ಫೋನಿನಲ್ಲಿ ನೋಡಿಕೊಂಡಿರಬೇಕೆ?

ಹಾಲ್‌ನ ಗೋಡೆಯಲ್ಲಿ, ಮನೆಯ ಬಿಸಿ ಅಳೆದು ಯಂತ್ರವನ್ನು ನಡೆಸುವ ಥರ್ಮೋಸ್ಟಾಟಿನ ಎದುರು ನಿಂತು ಗುಂಡಿಗಳನ್ನು ಒತ್ತಿದೆ. ಎಲ್ಲರೂ ಕಂಬಳಿ ಹೊದ್ದಿರುವ ಮನೆಯಲ್ಲಿ ಅದು ಇಪ್ಪತ್ತೆಂಟು ಡಿಗ್ರಿ ತೋರಿಸುತ್ತಿತ್ತು. "ಸೆನ್ಸರ್ ಹಾಳಾಗಿದೆ, ಕಂಪನಿಯವರೆಲ್ಲ ಕಳ್ಳರು," ಎಂದು ಘೋಷಿಸಿದೆ. ಶೈಲಜ ಕೋಣೆಯಿಂದಲೇ, "ಕಂಪನಿಯವರನ್ನು ಮತ್ತೆ ಬೈಯುವಿರಂತೆ ಮಾರಾಯ್ರೆ. ಅದರ ಕೆಳಗೆ ಎಂತ ಉಂಟು, ನೋಡಿ," ಎಂದಳು. ಕೆಳಗೆ ಇದ್ದದ್ದು ಅತ್ತೆಯ ಕೆಂಡದ ಧೂಪ. ಮಿಂದ ಮಗುವಿಗೆ ಧೂಪದ ಹೊಗೆ ತೋರಿಸಿ, ಬಟ್ಟೆಯನ್ನು ಅದರ ಮೇಲೆ ಕಾಯಿಸುವುದು ನಮ್ಮ ಬಾಣಂತನದ ಕ್ರಮ. ಕೋಣೆಯಲ್ಲಿ ಹೊಗೆ ಬೇಡ, ಗಾಳಿಯಾಡುವ ಹಾಲ್‌ನಲ್ಲಿರಲಿ ಎಂದು ಸ್ಟೂಲ್ ಹಾಕಿ, ಸರಿಯಾಗಿ ಆ ಥರ್ಮೋಸ್ಟಾಟಿನ ಕೆಳಗೆ ಜಾಗ ತೋರಿಸಿದ ಮಹಾಶಯ ನಾನೇ. ದಿನವಿಡೀ ಕೆಂಡದ ಬಿಸಿ ಕುಡಿದ ಆ ಡಬ್ಬಿ, ಮನೆಯೆಲ್ಲ ಬೆಚ್ಚಗಿದೆ ಎಂದು ನಂಬಿ ಯಂತ್ರವನ್ನು ಮಲಗಿಸಿತ್ತು.

ಸದ್ದಿಲ್ಲದೆ ಧೂಪವನ್ನು ಬಾಲ್ಕನಿಗೆ ಸಾಗಿಸಿದೆ. ಸ್ವಲ್ಪ ಹೊತ್ತಿಗೆ ಯಂತ್ರ ಗುರ್ರೆಂದಿತು. ಹಿಂದೆಯೇ ಏನೋ ಸುಟ್ಟ ವಾಸನೆ! "ಬೆಂಕಿ! ಬೆಂಕಿ!" ಎಂದು ಕಿರುಚುತ್ತಾ ಓಡಿಹೋಗಿ ಮೇನ್ ಸ್ವಿಚ್ ಆರಿಸಿದೆ. ಮನೆ ಕತ್ತಲಾಯಿತು, ಮಗು ಬೆಚ್ಚಿ ಅತ್ತಿತು. ಆ ಅಳುವಿನ ನಡುವೆ ಶೈಲಜಳ ಸ್ವರ ಕೇಳಿತು: "ಕಾಯಿಲಿನ ಮೇಲೆ ವರ್ಷವಿಡೀ ಕೂತ ಧೂಳು ಸುಟ್ಟ ವಾಸನೆ ಅದು. ಬಂದದ್ದು ನಿಮ್ಮ ಬ್ಯಾಕಪ್ಪೇ ಅಲ್ವಾ?"

ಸ್ವಿಚ್ ಹಾಕಿದೆ. ಕೋಣೆ ನಿಜಕ್ಕೂ ಬೆಚ್ಚಗಾಯಿತು. ಇನ್ನು ಅತ್ತೆಯ ಮನಸ್ಸು ಬದಲಾಗಬಹುದೆಂದು ಬಾಗಿಲ ಬಳಿ ಕಳ್ಳನ ಹಾಗೆ ನಿಂತೆ. ಅವರು ಫೋನಿನಲ್ಲಿ ಮಾವನಿಗೆ ಹೇಳುತ್ತಿದ್ದರು: "ಇಲ್ಲ, ಈಗ ಬರುದಿಲ್ಲ. ಚಳಿ ಹೋಯ್ತು, ಆದ್ರೆ ಅದಕ್ಕಲ್ಲ ಮಾರಾಯ್ರೆ. ನಮ್ಮ ಅಳಿಯನನ್ನು ಇಲ್ಲಿ ಒಬ್ಬರನ್ನೇ ಬಿಟ್ಟು ಬರುವ ಧೈರ್ಯ ನನಗಿಲ್ಲ."

ನಾನು ಒಳಗೆ ಹೋಗಿ ಮಗಳನ್ನು ಎತ್ತಿಕೊಂಡೆ.