ಒಬ್ಬ ನಾಯಕಿ, ಮೂವರು ನಟಿಯರು

ಭಾಷೆ ಬಾರದ ಒಪೆರಾವೊಂದನ್ನು ಕೊನೆಯವರೆಗೂ ಎಚ್ಚರವಾಗಿದ್ದು ನೋಡಿದವನಿಗೆ ನಾಟಕ ನಿರ್ದೇಶಿಸುವ ಯೋಗ್ಯತೆ ತಾನಾಗಿಯೇ ಬಂದುಬಿಡುತ್ತದೆ ಎಂದು ನಾನು ನಂಬಿದ್ದೆ. ಸಿಡ್ನಿ ಒಲಿಂಪಿಕ್ಸ್ ಮುಗಿದು ಕೆಲವು ವರ್ಷಗಳಾಗಿದ್ದವು. ಆಫೀಸಿನ ಕೆಲಸಕ್ಕೆಂದು ಮೆಲ್ಬರ್ನ್‌ಗೆ ಹೋದವನು ಅಲ್ಲಿ ಜರ್ಮನ್ ಒಪೆರಾ ನೋಡಿದೆ. ನಾಯಕಿ ಮೊದಲ ಅಂಕದಲ್ಲಿ ತಲೆಗೂದಲು ಕೆದರಿದ ಸೇವಕಿ. ಎರಡನೆಯದರಲ್ಲಿ ನಾಯಕನನ್ನು ಮರುಳು ಮಾಡುವ ಮೋಹಿನಿ. ಮೂರನೆಯದರಲ್ಲಿ ಪಶ್ಚಾತ್ತಾಪದಿಂದ ತುಟಿ ಬಿಚ್ಚದೆ ಅವನ ಕಾಲು ತೊಳೆಯುವವಳು. ತಕ್ಷಣ ನೆನಪಾದವಳು ನನ್ನ ಹೆಂಡತಿ ಶೈಲಾ!

ಮದುವೆಗೆ ಮುಂಚೆ ಮೈಸೂರಿನಲ್ಲಿ ಅವಳು ರಂಗದ ಮೇಲೆ ಬಂದರೆ ಹಿಂದಿನ ಸಾಲಿನವರೂ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸುತ್ತಿದ್ದರು. ಸಿಡ್ನಿಯ ಎಪ್ಪಿಂಗ್‌ಗೆ ಬಂದಮೇಲೆ ಔಷಧಿ ಅಂಗಡಿಯ ಕೆಲಸ, ಮಗು, ಮಾರ್ಟ್‌ಗೇಜ್. ಬಣ್ಣ ಹಚ್ಚಿ ಎಷ್ಟೋ ವರ್ಷಗಳಾಗಿದ್ದವು. ಮನೆಗೆ ಬಂದವನೇ ಅವಳಿಗೆ ಕಥೆ ಹೇಳಿ, ಇದನ್ನು ಕನ್ನಡದಲ್ಲಿ ನಾಟಕ ಮಾಡಿಸುತ್ತೇನೆ ಎಂದೆ.

"ಮೂರೂ ಒಬ್ಳೇನಾ? ರೀ, ಇದನ್ನ ನಾನೇ ಮಾಡ್ಬೇಕು. ಯಾರಿಗೂ ಕೊಡ್ಬೇಡಿ!" ಎಂದಳು. ಆಗ ಅವಳ ಮುಖದಲ್ಲಿದ್ದ ಸಂತೋಷ ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ.

"ಖಂಡಿತಾ!" ಎಂದೆ.

ನಾಟಕ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ, ಬ್ಲ್ಯಾಕ್‌ಟೌನ್‌ನ ಹಾಲ್‌ನಲ್ಲಿ. ಅಧ್ಯಕ್ಷರ ಹೆಂಡತಿ ವಿಮಲಾ ಆಂಟಿ ಕಥೆ ಕೇಳಿ, "ಇವ್ಳು ಒಳ್ಳೆಯವಳಾ, ಕೆಟ್ಟವಳಾ? ಮೊದ್ಲು ಡಿಸೈಡ್ ಮಾಡಪ್ಪ" ಎಂದರು.

"ಎರಡೂ, ಆಂಟಿ."

"ಹಂಗೆಲ್ಲಾ ಆಗಲ್ಲ. ಜನಕ್ಕೆ ಕನ್‌ಫ್ಯೂಸ್ ಆಗತ್ತೆ. ಒಳ್ಳೆಯವಳನ್ನ, ಆ ಸೇವಕೀನ, ನಾನು ಮಾಡ್ತೀನಿ."

ಹಾಲ್ ಬುಕ್ ಮಾಡುವವರು ಅಧ್ಯಕ್ಷರು. ಒಪ್ಪಿದೆ! ಮರುದಿನ ಸಂಘದಲ್ಲಿದ್ದ ಮಂಗಳೂರಿನ ಗ್ರೇಸಿ ಫೋನ್ ಮಾಡಿ, "ಮೋಹಿನಿ ನನಗೆ ಕೊಡಿ ಮಾರಾಯ್ರೆ, ಇಲ್ಲದಿದ್ರೆ ನಮ್ಮ ಮೈಕ್ ಸೆಟ್ ಇಲ್ಲ" ಎಂದಳು. ಅದಕ್ಕೂ ಒಪ್ಪಿದೆ!

ಉಳಿದದ್ದು ಮೂರನೆಯ ಅಂಕ. "ಮೌನ ಅಭಿನಯಾನೇ ಕಷ್ಟ ಕಣೇ. ಅದಕ್ಕೇ ನಿನಗೆ ಇಟ್ಟಿದೀನಿ" ಎಂದು ಶೈಲಾಗೆ ಹೇಳಿದೆ.

"ಹೀರೋ ಯಾರು?"

"ನಾನೇ."

ಅಂದಿನಿಂದಲೇ ಮನೆಯಲ್ಲಿ ಮೌನದ ತಾಲೀಮು ಶುರುವಾಯಿತು!

ಪ್ರದರ್ಶನದ ದಿನ ಮೂರನೆಯ ಅಂಕದಲ್ಲಿ ಮಹಾಪುರುಷನ ಗಾಂಭೀರ್ಯದಿಂದ ಕಾಲು ಚಾಚಿದೆ. ಪಂಚೆಯ ಕೆಳಗೆ ಆಫೀಸಿನ ಕಾಲುಚೀಲ ಹಾಗೇ ಇತ್ತು! ಚೊಂಬು ಹಿಡಿದಿದ್ದ ಶೈಲಾ ಅದನ್ನು ನೋಡಿದಳು. ನನ್ನನ್ನು ನೋಡಿದಳು. ನಕ್ಕಳು. ಮೊದಲು ತಡೆದು, ಆಮೇಲೆ ಬಿದ್ದು ಬಿದ್ದು ನಕ್ಕಳು. ನಗುತ್ತಿದ್ದಂತೆಯೇ ಅವಳಿಗೆ ಅಳು ಬಂತು. ಅಳುತ್ತಲೇ ಕಾಲುಚೀಲದ ಮೇಲೆ ನೀರು ಸುರಿದಳು. ನಾನು ಮೂವರಿಗೆ ಹಂಚಿದ್ದ ಹೆಂಗಸು ಅವಳೊಬ್ಬಳ ಮುಖದಲ್ಲೇ ಇದ್ದಳು. ಹಿಂದಿನ ಸಾಲಿನವರೂ ಎದ್ದು ನಿಂತು ನೋಡುತ್ತಿದ್ದರು. ನನಗೆ ನನ್ನ ಮಾತೇ ಮರೆತುಹೋಯಿತು.

ಈಗಲೂ ರೌಸ್ ಹಿಲ್‌ನ ಪಾರ್ಟಿಗಳಲ್ಲಿ ಜನ ಶೈಲಾಳ ಕೈ ಹಿಡಿದು ಆ ನಗುವನ್ನು ನೆನೆಯುತ್ತಾರೆ. ಆಮೇಲೆ ಮರ್ಯಾದೆಗೆಂದು ನನ್ನ ಕಡೆ ತಿರುಗಿ ಕೇಳುತ್ತಾರೆ: "ಅಂಕಲ್, ಅವತ್ತು ನಾಟಕಕ್ಕೆ ನೀವೂ ಬಂದಿದ್ರಾ?"